ಶಿಲುಬೆಗೆ ಕಟ್ಟಿದ ಹಗ್ಗ

ನಾದಿನಿಯ ಕಿವಿಯ ಕಡೆ ನೋಡಬಾರದು ಅಂದುಕೊಂಡಷ್ಟೂ ಎಕ್ಸ್‌ರೇಯಮ್ಮನ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಕಾರು ಓಡಿಸುತ್ತಿದ್ದ ನಾದಿನಿ ಕೂದಲನ್ನೆಲ್ಲ ಎತ್ತಿ ಕ್ಲಿಪ್ಪು ಹಾಕಿದ್ದರಿಂದ ಕಿವಿ ಬೆಳಗಿನ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಹಾಲೆ ಜೋತುಬೀಳದೆ ಕೆನ್ನೆಗೇ ಅಂಟಿಕೊಂಡ, ಮೇಲಿನ ಅಂಚು ಕೊಂಚ ಚೂಪಾದ ಕಿವಿ. ಅವಳ ಅಣ್ಣನದೂ, ಅಂದರೆ ಎಕ್ಸ್‌ರೇಯಮ್ಮನ ಗಂಡನದೂ, ಥೇಟ್ ಇದೇ ಕಿವಿ. ಅಣ್ಣ ತೀರಿಕೊಂಡು ವರ್ಷಗಳಾದವು. ಆದರೆ ಅವನ ಕಿವಿ ಹೀಗೆ ಪಕ್ಕದಲ್ಲಿ ಕೂತು, ಹಾಡು ಗುನುಗಿಕೊಂಡು, ಎದುರಿಂದ ಬರುವವರನ್ನೆಲ್ಲ ಬೈದುಕೊಂಡು ಕಾರು ಓಡಿಸುತ್ತಿರುವಾಗ ಅದಕ್ಕೆ ಹೇಗೆ ಹೇಳುವುದು? ಊರು ಬಿಟ್ಟಾಗಿನಿಂದ ಎಕ್ಸ್‌ರೇಯಮ್ಮನ ತಲೆ ಕೊರೆಯುತ್ತಿದ್ದದ್ದು ಇದೊಂದೇ. ಹೇಳಬೇಕಾದದ್ದು ಒಂದು ವಾಕ್ಯ. ಆಸ್ಪತ್ರೆಯ ಎಕ್ಸ್‌ರೇ ಮೆಷಿನ್ ರಿಪೇರಿಗೆ ಬರುವವನು ಅವಳನ್ನು ಮದುವೆಯಾಗುತ್ತೀರಾ ಅಂತ ಕೇಳಿದ್ದ. ಕೇಳಿದ್ದಾದರೂ ಹೇಗೆ, ಮೆಷಿನ್ನಿನ ಕೆಳಗೆ ಅಂಗಾತ ಮಲಗಿಕೊಂಡು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು. ಹೊರಗೆ ಕಾಣುತ್ತಿದ್ದದ್ದು ಅವನ ಎರಡು ಬೂಟು ಮಾತ್ರ. ಅವಳು ಬೂಟುಗಳಿಗೇ "ನೋಡೋಣ" ಅಂದಿದ್ದಳು. ಬೂಟುಗಳು ಒಂದಕ್ಕೊಂದು ತಾಗಿ, ಆಗಲಿ ಅನ್ನುವ ಹಾಗೆ ಸುಮ್ಮನಾಗಿದ್ದವು. ಈಚೆಗೆ ಆ ಮೆಷಿನ್ನು ಕೆಡುವುದಕ್ಕಿಂತ ಹೆಚ್ಚು ಸಲ ರಿಪೇರಿಯಾಗುತ್ತಿದೆ ಅನ್ನುವುದು ಇಡೀ ಆಸ್ಪತ್ರೆಗೆ ಗೊತ್ತು, ಗೇಟಿನ ಕಾವಲಿನವನಿಗೂ ಗೊತ್ತು. ಗೊತ್ತಿಲ್ಲದವಳು ಈ ನಾದಿನಿಯೊಬ್ಬಳೇ.

ಎಕ್ಸ್‌ರೇಯಮ್ಮನ ಕಸುಬೇ ಹಾಗೆ, ನೋಡುವುದು, ಹೇಳದಿರುವುದು. ದಿನವಿಡೀ ಜನ ಬಂದು ತಣ್ಣಗಿನ ಹಲಗೆಗೆ ಎದೆಯಾನಿಸಿ ನಿಲ್ಲುತ್ತಾರೆ. ಒಳಗೆ ಏನಿದೆ ಅಂತ ಎಲ್ಲರಿಗಿಂತ ಮೊದಲು ಕಾಣುವುದು ಅವಳಿಗೆ. ಶರ್ಟಿನ ಗುಂಡಿ ಹಾಕಿಕೊಳ್ಳುತ್ತಾ ಅವರು ಅವಳ ಮುಖವನ್ನೇ ಓದಲು ನೋಡುತ್ತಾರೆ. "ಏನಾದ್ರೂ ಇದೆಯಾ ಮೇಡಂ?" "ಡಾಕ್ಟರ್ ಹೇಳ್ತಾರೆ." ಈ ಎರಡು ಪದವನ್ನು ಆಡಿ ಆಡಿ ಅವಳ ಬಾಯಿ ಒಂದು ಆಕಾರಕ್ಕೆ ಬಂದುಬಿಟ್ಟಿದೆ. ಮನೆಯಲ್ಲಿ ಹಾಲು ಒಡೆದಿದೆಯಾ ಅಂತ ಯಾರಾದರೂ ಕೇಳಿದರೂ ಅದೇ ಬಾಯಿಗೆ ಬರುತ್ತದೆ. ಅದಕ್ಕೇ ಇರಬೇಕು, ರಜ ಸಿಕ್ಕಾಗ ಅವಳು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹಳ್ಳಿದಾರಿ ಹಿಡಿಯುವುದು. ಹೊಲದ ನಡುವಿನ ಪುಟ್ಟ ಚರ್ಚುಗಳು, ದಾರಿ ಕೂಡುವಲ್ಲಿ ಯಾರೋ ಯಾವ ಕಾಲಕ್ಕೋ ನಿಲ್ಲಿಸಿದ ಕಲ್ಲಿನ ಶಿಲುಬೆಗಳು, ಬೆನ್ನು ಬಾಗಿದ ಹುಲ್ಲಿನ ಕೊಟ್ಟಿಗೆಗಳು, ಬಾಗಿಲಿಲ್ಲದ ಕಣಜಗಳು. ಅವು ಉಸಿರು ಬಿಡುವುದಿಲ್ಲ, ಅಲ್ಲಾಡುವುದಿಲ್ಲ, ತೆಗೆದಾದ ಮೇಲೆ ಏನಾದರೂ ಇದೆಯಾ ಅಂತ ಕೇಳುವುದಿಲ್ಲ. ಅವಳ ಒಂದೇ ಒಂದು ಫೋಟೋದಲ್ಲೂ ನರಪಿಳ್ಳೆ ಇಲ್ಲ. ಯಾರಾದರೂ ಅಡ್ಡ ಬಂದರೆ ಅವರು ಹೋಗುವ ತನಕ ಕೊಕ್ಕರೆಯ ಹಾಗೆ ಕಾಯುತ್ತಾಳೆ. ಗಂಡ ಇದ್ದಾಗ ಈ ಹವ್ಯಾಸ ಇರಲಿಲ್ಲ. ಅವನಿಗೆ ದಾರಿ ಅಂದರೆ ಮುಟ್ಟಬೇಕಾದ ಊರಷ್ಟೇ. ಈಗ ನಾದಿನಿ ಜೊತೆಗೆ ಬರುತ್ತಾಳೆ. ಅವಳದು ಡ್ರೈವಿಂಗ್ ಸ್ಕೂಲು. ಕಲಿಯುವವರ ಕಾರು ಅದು, ಪಕ್ಕದ ಸೀಟಿನ ಕಾಲಬುಡದಲ್ಲೂ ಒಂದು ಬ್ರೇಕು. ಹಳೇ ಕೊಟ್ಟಿಗೆ ಕಣ್ಣಿಗೆ ಬಿದ್ದರೆ ಸಾಕು, ಎಕ್ಸ್‌ರೇಯಮ್ಮನ ಕಾಲು ಅವಳನ್ನು ಕೇಳದೆ ಆ ಬ್ರೇಕಿನ ಮೇಲೆ ಹೋಗಿ ಕೂರುತ್ತದೆ. ಈಗಲೂ ಹಾಗೇ ಆಯಿತು.

"ಅತ್ತಿಗೆ! ಕಾಲು ತೆಗೀರಿ! ಹಿಂದೆ ಲಾರಿ ಇದ್ದಿದ್ರೆ ಇಷ್ಟೊತ್ತಿಗೆ ನಮ್ಮಿಬ್ಬರ ಎಕ್ಸ್‌ರೇ ಯಾರೋ ತೆಗೀತಿದ್ರು!"

"ತಪ್ಪಾಯ್ತು ಕಣೇ. ಆದ್ರೆ ಅಲ್ಲಿ ನೋಡು."

ಅಲ್ಲಿ, ಕಟಾವಾದ ಹೊಲದ ಅಂಚಿಗೆ, ಅಂಗೈಯಗಲದ ಒಂದು ಚರ್ಚು. ಸುಣ್ಣ ಬಳಿದ ಗೋಡೆ, ಸ್ಲೇಟು ಕಲ್ಲಿನ ಮಾಡು, ಗಂಟೆ ತೂಗಲು ಒಂದು ಗೂಡು. ಅದರ ಬೆನ್ನಿಗೇ, ಒಬ್ಬರನ್ನೊಬ್ಬರು ಆತುಕೊಂಡ ಮುದುಕರ ಹಾಗೆ, ಕರಿಮರದ ದೊಡ್ಡ ಕೊಟ್ಟಿಗೆ. ಎರಡರ ನಡುವಿನ ಅಂಗಳದಲ್ಲಿ ಆಳೆತ್ತರದ ಕಲ್ಲಿನ ಶಿಲುಬೆ, ಮೈಯೆಲ್ಲ ಹಳದಿ ಪಾಚಿ. ನಾದಿನಿ ನಕ್ಕು, ಸೀಟು ಹಿಂದಕ್ಕೆ ಒರಗಿಸಿ, ಚೀಲದಿಂದ ಚಹಾದ ಫ್ಲಾಸ್ಕು ತೆಗೆದಳು. "ಹೋಗ್ಬನ್ನಿ. ನಿಮ್ಮ ಕಲ್ಲಿನ ಪೇಷೆಂಟುಗಳು ಕಾಯ್ತಿವೆ."

ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ಎಕ್ಸ್‌ರೇಯಮ್ಮ ಓಡುನಡಿಗೆಯಲ್ಲೇ ಅಂಗಳ ಸೇರಿದಳು. ಒಂದೇ ಒಂದು ತೊಡಕು. ಶಿಲುಬೆಯ ತೋಳಿನಿಂದ ಕೊಟ್ಟಿಗೆಯ ಕಂಬದವರೆಗೆ ಯಾರೋ ಹಗ್ಗ ಕಟ್ಟಿ, ಅದರ ಮೇಲೆ ಉದ್ದನೆಯ ಒಂದು ಬಿಳಿಬಟ್ಟೆ ಒಣಹಾಕಿದ್ದರು. ಪಕ್ಕದಲ್ಲಿ ಯಾರದೋ ಉಣ್ಣೆಯ ಕಾಲುಚೀಲ ಬೇರೆ. ಅವಳು ಅತ್ತ ಹೋಗಿ ನೋಡಿದಳು, ಇತ್ತ ಬಂದು ನೋಡಿದಳು, ಕುಕ್ಕರುಗಾಲಲ್ಲಿ ಕೂತು ನೋಡಿದಳು. ಎಲ್ಲಿಂದ ನೋಡಿದರೂ ಬಟ್ಟೆ ಅಡ್ಡ. ಅಂಗಳದಲ್ಲಿ ಬಾತುಕೋಳಿಗಳ ಹೊರತು ಯಾರೂ ಇಲ್ಲ. ತೆಗೆಯುವುದು, ಫೋಟೋ ಹೊಡೆಯುವುದು, ಇದ್ದ ಹಾಗೇ ಮತ್ತೆ ಹಾಕುವುದು. ಯಾರಿಗೆ ಗೊತ್ತಾಗುತ್ತದೆ? ಕ್ಲಿಪ್ಪು ಬಿಚ್ಚುವಾಗ ಕೈ ಯಾಕೋ ಹೊಸ ಸೊಸೆಯ ಕೈಯ ಹಾಗೆ ಅಳುಕಿತು. ಮದುವೆಯಾದ ಹೊಸದರಲ್ಲಿ, ಮನೆಯಲ್ಲಿ ಯಾರೂ ಇಲ್ಲದ ಮಧ್ಯಾಹ್ನ, ಅತ್ತೆಯ ಕಪಾಟಿನಿಂದ ನೀಲಿ ಗಾಜಿನ ಹೂಜಿಯೊಂದನ್ನು ಸುಮ್ಮನೆ ಬೆಳಕಿಗೆ ಹಿಡಿದು ನೋಡೋಣವೆಂದು ತೆಗೆದಿದ್ದಳು. ಅದು ಜಾರಿತು. ಚೂರುಗಳ ನಡುವೆ ಅವಳು ಕಲ್ಲಾಗಿ ನಿಂತಿರುವಾಗ ಬಾಗಿಲಲ್ಲಿ ಸ್ಕೂಲು ಚೀಲ ಹೊತ್ತ ನಾದಿನಿ, ಎರಡು ಜಡೆಯ ಹುಡುಗಿ. ಸಂಜೆ ಅತ್ತೆ ಕೇಳಿದಾಗ ಆ ಹುಡುಗಿ ರೊಟ್ಟಿ ಅಗಿಯುತ್ತಾ, ತಲೆ ಕೂಡ ಎತ್ತದೆ, "ನಾನೇ ಒಡೆದೆ" ಅಂದುಬಿಟ್ಟಿದ್ದಳು. ಆ ಮನೆಯಲ್ಲಿ ಎಕ್ಸ್‌ರೇಯಮ್ಮನಿಗೆ ಮೊದಲು ದಕ್ಕಿದವಳು ಗಂಡನಲ್ಲ, ಅವಳು. ಕಾಲುಚೀಲವನ್ನೂ ತೆಗೆದು ಕೈಯಲ್ಲೇ ಇಟ್ಟುಕೊಂಡು, ಬಟ್ಟೆಯನ್ನು ಮೋಟುಗೋಡೆಯ ಮೇಲೆ ಹಾಸಿ, ಹಾರದಿರಲೆಂದು ಕ್ಯಾಮೆರಾ ಚೀಲವನ್ನು ಅದರ ಮೇಲೆ ಇಟ್ಟಳು. ಅಂಚಿನ ತುಂಬ ಬಿಳಿದಾರದಲ್ಲೇ ಹೆಣೆದ ಗೋಧಿ ತೆನೆಗಳಿದ್ದವು. ಚೆನ್ನಾಗಿದೆ, ಅಂದುಕೊಂಡಳು. ಕಣ್ಣಿಗೆ ಕ್ಯಾಮೆರಾ ಹಿಡಿದಾಗ ಕಲ್ಲು, ಮರ, ಸುಣ್ಣ, ಬಿಸಿಲು ಎಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು. ಇನ್ನೊಂದು ಲೆನ್ಸು ಬೇಕು ಅನ್ನಿಸಿತು. ಚೀಲ ಎತ್ತಿಕೊಂಡಳು.

ಗಾಳಿ ಅದನ್ನೇ ಕಾಯುತ್ತಿತ್ತೇನೋ. ಬಟ್ಟೆ ಗೋಡೆಯಿಂದ ಎದ್ದು, ಒಂದು ಗಳಿಗೆ ಎರಡೂ ಕೈ ಚಾಚಿದ ಪಾದ್ರಿಯ ಹಾಗೆ ಗಾಳಿಯಲ್ಲಿ ನಿಂತು, ಆಮೇಲೆ ಕೊಟ್ಟಿಗೆಯ ಬಾಗಿಲಲ್ಲಿ ದನಗಳ ಗೊರಸು ತುಳಿದು ಅಂಬಲಿಯಾಗಿದ್ದ ಕೆಸರಿನ ಮೇಲೆ ನಿಧಾನವಾಗಿ, ಒಪ್ಪವಾಗಿ, ಹಾಸಿದ ಹಾಗೆ ಬಿತ್ತು. ಬಾತುಕೋಳಿಗಳು ಸಾಲಾಗಿ ಬಂದು ಅದರ ಮೇಲೆ ನಡೆದು ಹೋದವು.

"ಯಾರದು? ಹಾಡಹಗಲೇ ಬಟ್ಟೆ ಕದಿಯೋಕೆ ಬಂದಿದೀಯಾ?"

ಕೊಟ್ಟಿಗೆಯೊಳಗಿಂದ ಬಂದವಳು ಎತ್ತರದ, ಅಗಲ ಭುಜದ ಹೆಂಗಸು. ಮೊಳಕೈವರೆಗೆ ಮಡಚಿದ ತೋಳು, ಕೈಯಲ್ಲಿ ಪೊರಕೆ. ಎಕ್ಸ್‌ರೇಯಮ್ಮ ಬಾಯಿ ತೆರೆದಳು. "ಕದೀತಿಲ್ಲ... ಫೋಟೋ ತೆಗೀತಿದ್ದೆ."

"ಫೋಟೋ ತೆಗೆಯೋಕೆ ಬಟ್ಟೆ ಬಿಚ್ಚಬೇಕಾ?"

ದಿನಬೆಳಗಾದರೆ ಊರಿನ ಜನಕ್ಕೆಲ್ಲ ಶರ್ಟು ಬಿಚ್ಚಿ, ಸರ ತೆಗೆದಿಡಿ ಅನ್ನುವವಳಿಗೆ ಈ ಪ್ರಶ್ನೆಗೆ ಉತ್ತರ ಗೊತ್ತಿತ್ತು. ಆದರೆ ಹೇಳುವ ಧೈರ್ಯ ಬರಲಿಲ್ಲ. ಕಿವಿ ಬಿಸಿಯಾಯಿತು. ಈ ವಯಸ್ಸಿನಲ್ಲಿ, ಕೈಯಲ್ಲಿ ಯಾರದೋ ಕಾಲುಚೀಲ ಹಿಡಿದುಕೊಂಡು, ಬಾತುಕೋಳಿಗಳ ಎದುರಿಗೆ ಹೀಗೆ ನಿಲ್ಲುವುದು! ಗದ್ದಲ ಕೇಳಿ ನಾದಿನಿ ಚಹಾದ ಲೋಟದ ಸಮೇತ ಓಡಿಬಂದಳು. ಬಂದವಳು ಕೆಸರು ನೋಡಿ, ಬಟ್ಟೆ ನೋಡಿ, ಅತ್ತಿಗೆಯ ಮುಖ ನೋಡಿ, ಒಂದು ಮಾತೂ ಕೇಳದೆ ಅದೇ ಹಳೇ ಧಾಟಿಯಲ್ಲಿ ಅಂದಳು, "ತಪ್ಪು ನಂದು. ನಾನೇ ಗಾಡಿ ನಿಲ್ಲಿಸಿದ್ದು."

"ತಪ್ಪು ಯಾರದಾದ್ರೂ ಇರ್ಲಿ," ಹೆಂಗಸು ಪೊರಕೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು. "ಇದು ಚರ್ಚಲ್ಲಿ ಪೀಠದ ಮೇಲೆ ಹಾಸೋ ಬಟ್ಟೆ. ಇರೋದು ಇದೊಂದೇ. ಮಧ್ಯಾಹ್ನ ಪಾದ್ರಿ ಬರ್ತಾರೆ, ಮದುವೆ ಇದೆ."

"ಯಾರ ಮದುವೆ?"

"ನಮ್ಮತ್ತೇದು."

ನಾದಿನಿಯ ಲೋಟ ಬಾಯಿಯ ಹತ್ತಿರ ನಿಂತಿತು. "ಅತ್ತೆ ಮಗಳದ್ದಾ?"

"ಮಗಳೂ ಅಲ್ಲ, ಮೊಮ್ಮಗಳೂ ಅಲ್ಲ. ಅತ್ತೇದೇ. ನನ್ನ ಗಂಡನ್ನ ಹೆತ್ತವಳದು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರಲ್ಲ, ಈ ಮನೇಲಿ ಎಲ್ಲಾ ಕಾಲವೂ ಅತ್ತೇದೇ." ಹೇಳುತ್ತಾ ಹೇಳುತ್ತಾ ಅವಳ ಬಾಯಿಯ ಮೂಲೆ ತಾನಾಗಿ ಮೇಲೆ ಹೋಯಿತು. "ನಿಂತ್ಕೊಂಡು ನೋಡ್ತಿದ್ರೆ ಬಟ್ಟೆ ಬೆಳ್ಳಗಾಗುತ್ತಾ? ತೋಳು ಮಡಚಿ ಬನ್ನಿ."

ಕೊಟ್ಟಿಗೆಯ ಒಳಗೆ ಹುಲ್ಲಿನ, ಹಾಲಿನ, ಹಳೇ ಮರದ ವಾಸನೆ. ಹೊರಗಿನಿಂದ ಬೆನ್ನು ಮುರಿದ ಮುದುಕನ ಹಾಗೆ ಕಂಡದ್ದು ಒಳಗೆ ನೋಡಿದರೆ ಗಟ್ಟಿಮುಟ್ಟಾಗಿ ಸಂಸಾರ ಮಾಡುತ್ತಿತ್ತು. ಒಂದು ಕಡೆ ಹಸುಗಳ ಗೋದಲಿ, ಇನ್ನೊಂದು ಕಡೆ ಗುಡಿಸಿ ತೊಳೆದ ನೆಲದ ಮೇಲೆ ಉದ್ದನೆಯ ಮೇಜುಗಳು, ಜೋಡಿಸಿಟ್ಟ ತಟ್ಟೆಗಳು, ನೊಣ ಬರದಂತೆ ಮುಚ್ಚಿದ ಕೇಕು. ಇಂಥ ಎಷ್ಟು ಕೊಟ್ಟಿಗೆಗಳನ್ನು ಅವಳು ಹೊರಗಿನಿಂದಲೇ ತೆಗೆದು, ಪಾಪ, ಬಿದ್ದುಹೋಗುತ್ತಿವೆ ಅಂತ ಮರುಗಿಕೊಂಡು ಬಂದಿದ್ದಳೋ! ಕಸುಬಿನಲ್ಲಿ ಒಳಗನ್ನು ನೋಡುವವಳು, ರಜದಲ್ಲಿ ಹೊರಗನ್ನಷ್ಟೇ ನೋಡಿ ತೀರ್ಪು ಕೊಡುತ್ತಿದ್ದಳಲ್ಲ ಅನ್ನಿಸಿ ನಗು ಬಂತು. ಮಗುಚಿ ಹಾಕಿದ ಪೆಟ್ಟಿಗೆಯ ಮೇಲೆ ಮದುಮಗಳು ಕೂತಿದ್ದಳು. ನರೆಗೂದಲಿಗೆ ಸುರುಳಿ ಸುತ್ತಿಕೊಂಡು, ರಬ್ಬರ್ ಬೂಟು ಹಾಕಿಕೊಂಡು, ತೊಡೆಯ ಮೇಲಿನ ತಟ್ಟೆಯಲ್ಲಿ ಬೆಂದ ಮೊಟ್ಟೆ ಸುಲಿಯುತ್ತಿದ್ದಳು. ನಡೆದದ್ದನ್ನು ಸೊಸೆ ಕೂಗಿ ಹೇಳಿದಾಗ ಅವಳು ಮೊಟ್ಟೆಯ ಮೇಲಿಂದ ತಲೆ ಎತ್ತಿ, ಕೆಸರಿನ ಬಟ್ಟೆಯನ್ನು ನೋಡಿ, "ನನ್ನ ಮೊದಲನೇ ಮದುವೇಲೂ ಅದರ ಮೇಲೆ ಯಾರೋ ದ್ರಾಕ್ಷಿ ರಸ ಚೆಲ್ಲಿದ್ರು. ಒಳ್ಳೇ ಶಕುನವೇ," ಅಂದಳು.

ಮೂವರೂ ತೊಟ್ಟಿಯ ಸುತ್ತ ಮಂಡಿಯೂರಿದರು. ಸೋಪು, ಬಿಸಿನೀರು, ಮತ್ತೆ ಸೋಪು. ಕೆಸರು ತೆನೆಯ ಹೆಣಿಗೆಯ ಸಂದಿಗಳಲ್ಲಿ ಕೂತಿತ್ತು. ಅದನ್ನು ಉಗುರಿನಿಂದ ಬಿಡಿಸಬೇಕಾಯಿತು. ವರ ಯಾರು ಅಂತ ನಾದಿನಿ ಕೇಳಿದ್ದಕ್ಕೆ ಮುದುಕಿ ಮೊಟ್ಟೆಯಿಂದಲೇ ಕಿಟಕಿಯ ಆಚೆ ತೋರಿಸಿದಳು. ಬೇಲಿಯಾಚೆಯ ತೋಟದ ಜೇನು ಸಾಕುವವನು, ಹೆಂಡತಿ ಸತ್ತವನು. "ದಿನಾ ಸಂಜೆ ಬೇಲಿ ಹತ್ರ ನಿಂತು ಮಾತಾಡಿ ಮಾತಾಡಿ ಕಾಲು ನೋವು ಬಂತಮ್ಮ. ಇನ್ನು ಕೂತು ಮಾತಾಡೋಣ ಅಂತ ಮದುವೆ." ಇಷ್ಟು ಸುಲಭವಾಗಿ ಹೇಳಬಹುದಾದ ಮಾತೇ ಇದು? ಎಕ್ಸ್‌ರೇಯಮ್ಮ ತನ್ನ ಎದುರಿಗಿದ್ದ ಸೊಸೆಯನ್ನು, ಧ್ವನಿ ತಗ್ಗಿಸಿ, ಯಾರದೋ ವಿಷಯ ಅನ್ನುವ ಹಾಗೆ ಕೇಳಿದಳು. "ನಿಮಗೆ ಬೇಜಾರಾಗ್ಲಿಲ್ವಾ?"

"ನನಗೇನು? ನನ್ನ ಗಂಡನಿಗಾಯ್ತು. ಅಪ್ಪನ ಕುರ್ಚೀಲಿ ಆ ಜೇನಿನವನು ಕೂರ್ತಾನಾ ಅಂತ ಅಮ್ಮನ ಹತ್ರ ಮಾತು ಬಿಟ್ಟ. ಊಟಕ್ಕೆ ಕೂತಾಗ ಉಪ್ಪು ಬೇಕಾದ್ರೂ ನನ್ನ ಕೈಲಿ ಕೇಳಿಸೋನು. ಆಮೇಲೊಂದು ದಿನ ತಾನೇ ಆ ಕುರ್ಚಿಗೆ ಬಣ್ಣ ಹೊಡೆದು ಒಣಗೋಕೆ ಇಟ್ಟ. ಕೇಳಿದ್ರೆ, ಹಳೇದಾಗಿತ್ತು, ಅದಕ್ಕೇ ಅಂದ. ಈಗ ನೋಡಿ, ಬಾಡಿಗೆ ಕುರ್ಚಿ ತರೋಕೆ ಪೇಟೆಗೆ ಹೋಗಿದಾನೆ."

"ಅವನದೂ ತಪ್ಪಿಲ್ಲ ಬಿಡಿ," ನಾದಿನಿ ಬಟ್ಟೆಯ ಇನ್ನೊಂದು ತುದಿ ಹಿಂಡುತ್ತಾ ನಕ್ಕಳು. "ನಮ್ಮಮ್ಮ ಹೀಗೇನಾದ್ರೂ ಮಾಡಿದ್ದಿದ್ರೆ ನಾನು ಮನೆ ಬಿಟ್ಟು ಹೋಗ್ತಿದ್ದೆ."

ತಮಾಷೆಗೆ ಅಂದ ಮಾತು. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಎಕ್ಸ್‌ರೇಯಮ್ಮನ ಕೈಯಿಂದ ಸೋಪು ಜಾರಿ ತೊಟ್ಟಿಯ ತಳ ಸೇರಿತು. ಅದನ್ನು ಹುಡುಕುವ ನೆಪದಲ್ಲಿ ಅವಳು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನೀರಿನೊಳಗೆ ಕೈಯಾಡಿಸಿದಳು. ಇವತ್ತು ಹೇಳುವುದಿಲ್ಲ. ನಾಳೆಯೂ ಬೇಡ. ಊರಿಗೆ ಹೋದ ಮೇಲೆ, ಬೂಟುಗಳಿಗೇ ಆಗುವುದಿಲ್ಲ ಅಂದುಬಿಟ್ಟರೆ? ಆಗ ಹೇಳುವುದಕ್ಕೇ ಏನೂ ಇರುವುದಿಲ್ಲ. ಆ ಯೋಚನೆ ಬಂದದ್ದೇ ಎದೆಯೊಳಗೆ ಏನೋ ಒಂದು, ಪಕ್ಕೆಲುಬಿನ ನೆರಳಿನಲ್ಲಿ ಕಂಡೂ ಕಾಣದ ಗೆರೆಯಂಥದ್ದು, ಚುಳಕ್ಕೆಂದಿತು. ಅಂಥದ್ದು ಬೇರೆಯವರಲ್ಲಿ ಕಂಡಿದ್ದರೆ ಅವಳೇ ಡಾಕ್ಟರಿಗೆ ಫೋನು ಮಾಡುತ್ತಿದ್ದಳು.

ಬಟ್ಟೆಯೇನೋ ಬೆಳ್ಳಗಾಯಿತು, ಆದರೆ ಒಣಗಬೇಕಲ್ಲ. ಬಿಸಿಲು ಮೋಡದ ಹಿಂದೆ ಹೋಗಿತ್ತು. ಗಾಳಿ, ಕೆಡಿಸುವ ಕೆಲಸ ಮುಗಿಯಿತು ಅನ್ನುವ ಹಾಗೆ ನಿಂತೇಹೋಗಿತ್ತು. ಇಷ್ಟು ದಪ್ಪದ ಬಟ್ಟೆಯ ನೀರೆಲ್ಲ ಇಸ್ತ್ರಿಯಲ್ಲೇ ಒಣಗಿಸಬೇಕೆಂದರೆ ಸಂಜೆಯಾಗುತ್ತದೆ ಅಂತ ಸೊಸೆ ತಲೆ ಕೆರೆದುಕೊಂಡಳು. ಆಗ ನಾದಿನಿ ಕಾರಿನ ಕೀಲಿ ತಿರುಗಿಸುತ್ತಾ ಬಂದು, "ಗಾಳಿ ತಾನೇ ಬೇಕಾದ್ದು? ಗಾಳಿ ನಾನು ಕೊಡ್ತೀನಿ," ಅಂದಳು.

ಹೀಗೆ ಆ ಮೆರವಣಿಗೆ ಹೊರಟಿತು. ನಾದಿನಿ ಮುಂದೆ, ಹಿಂದಿನ ಸೀಟಿನಲ್ಲಿ ಈ ಕಿಟಕಿಗೆ ಎಕ್ಸ್‌ರೇಯಮ್ಮ, ಆ ಕಿಟಕಿಗೆ ಸೊಸೆ. ಇಬ್ಬರೂ ಅರ್ಧ ಮೈ ಹೊರಗೆ ಹಾಕಿ, ಕಾರಿನ ಮಾಡಿನ ಮೇಲೆ ಬಟ್ಟೆಯ ಎರಡು ತುದಿ ಎತ್ತಿ ಹಿಡಿದರು. "ಕೈ ಹೊರಗೆ ಹಾಕಬಾರದು ಅಂತ ಕಲಿಸೋಳು ನಾನೇ. ನನ್ನ ಸ್ಟೂಡೆಂಟ್ಸ್ ಯಾರಾದ್ರೂ ನೋಡಿದ್ರೆ ನನ್ನ ಮಾನ ಹೋಯ್ತು!" ಅಂತ ನಾದಿನಿ ಕೂಗಿ, ಹೊಲಗಳ ನಡುವಿನ ಖಾಲಿ ದಾರಿಯಲ್ಲಿ ಗೇರು ಬದಲಿಸಿದಳು. ಬಟ್ಟೆ ಉಬ್ಬಿತು, ಪಟಪಟ ಹೊಡೆದುಕೊಂಡಿತು, ಹಾಯಿಯಾಯಿತು. ಹುಲ್ಲು ಕಟ್ಟುತ್ತಿದ್ದ ಜನ ಸೊಂಟ ನೆಟ್ಟಗೆ ಮಾಡಿ, ಮದುವೆ ಹೊರಟೇಬಿಟ್ಟಿತೆಂದು ಟೋಪಿ ಬೀಸಿದರು. ತೋಟದ ಪಕ್ಕ ಹೋಗುವಾಗ ಮುಖಕ್ಕೆ ಬಲೆ ಇಳಿಬಿಟ್ಟುಕೊಂಡ ಒಬ್ಬ ಮುದುಕ ಜೇನುಪೆಟ್ಟಿಗೆಗಳ ನಡುವಿನಿಂದ ಕೈಯೆತ್ತಿದ. ಮದುವೆಯ ದಿನವೂ ಅವನಿಗೆ ಜೇನುನೊಣಗಳದೇ ಚಿಂತೆ. "ಅವರೇ! ಅವರೇ ನಮ್ಮ ಹೊಸ ಮಾವ!" ಅಂತ ಸೊಸೆ ಆ ಕಡೆಯ ಕಿಟಕಿಯಿಂದ ಅರಚಿದಳು. ಎಕ್ಸ್‌ರೇಯಮ್ಮನ ಕಣ್ಣಲ್ಲಿ ಗಾಳಿಗೆ ನೀರು ಬಂತು, ಕೂದಲು ಬಾಯೊಳಗೆ ಹೋಯಿತು, ತೋಳು ಸೋತಿತು. ಕಾರಿನೊಳಗಿನ ಬೆಳಕೆಲ್ಲ ಬಟ್ಟೆಯಿಂದಾಗಿ ಹಾಲಿನ ಹಾಗೆ ಬೆಳ್ಳಗಿತ್ತು. ಈ ಗದ್ದಲದಲ್ಲಿ ಯಾರಿಗೂ ಏನೂ ಕೇಳಿಸುವುದಿಲ್ಲ ಅನ್ನುವ ಧೈರ್ಯಕ್ಕೋ, ಇಷ್ಟು ನಗು ಬಂದಾಗ ಹೆದರಿಕೆ ಯಾವುದರದ್ದು ಅಂತ ನೆನಪಾಗದ್ದಕ್ಕೋ, ಅವಳ ಬಾಯಿ ತಾನೇ ತೆರೆದುಕೊಂಡಿತು.

"ನನ್ನನ್ನ ಒಬ್ರು ಮದುವೆ ಆಗ್ತೀರಾ ಅಂತ ಕೇಳಿದಾರೆ!"

"ಏನು? ಯಾವ ಕಡೆ ತಿರುಗಬೇಕು?"

"ತಿರುಗೋದಲ್ಲ ಕಣೇ! ಮದುವೆ! ನನಗೆ!"

ನಾದಿನಿಯ ಕಾಲು ಬ್ರೇಕಿನ ಮೇಲೆ ಬಿತ್ತು. ಬಟ್ಟೆ ಮುಂದಕ್ಕೆ ಹಾರಿ ಎದುರಿನ ಗಾಜನ್ನೆಲ್ಲ ಮುಚ್ಚಿತು. ಎಂಜಿನ್ನು ಆರಿ, ಎಲ್ಲೋ ಒಂದು ಹಕ್ಕಿ ಕೂಗಿದ್ದು ಕೇಳಿಸಿತು. ಸೊಸೆ ಕಿಟಕಿಯಿಂದ ತಲೆ ಒಳಗೆಳೆದುಕೊಂಡು, ಒಬ್ಬರ ಮುಖವಾದ ಮೇಲೆ ಇನ್ನೊಬ್ಬರ ಮುಖ ನೋಡಿ, ಬಹಳ ಜಾಣತನದಿಂದ, "ಬಟ್ಟೆ ನೆಲಕ್ಕೆ ತಾಗಿಲ್ಲ ತಾನೇ?" ಅಂದಳು. ನಾದಿನಿ ಇಳಿದಳು. ಬಟ್ಟೆಯನ್ನು ಗಾಜಿನ ಮೇಲಿಂದ ತೆಗೆದು, ಅಂಗೈಯಿಂದ ಉದ್ದಕ್ಕೂ ಸವರಿ ನೋಡಿ, ಅಂಚಿಗೆ ಅಂಚು ಸೇರಿಸಿ ಮಡಚಿ, ಹಿಂದಿನ ಸೀಟಿಗೆ ಕೊಟ್ಟಳು. "ಒಣಗಿದೆ," ಅಂದಳು. ದಾರಿಯುದ್ದಕ್ಕೂ ಅವಳು ಹಾಡು ಗುನುಗಲಿಲ್ಲ. ಎದುರು ಬಂದ ಟ್ರಾಕ್ಟರನ್ನು ಕೂಡ ಬೈಯಲಿಲ್ಲ.

ಇಸ್ತ್ರಿಯಾಗಿ ಬಟ್ಟೆ ಪೀಠವೇರಿದಾಗ ಪಾದ್ರಿಯ ಸೈಕಲ್ಲು ಅಂಗಳಕ್ಕೆ ಬಂತು. ಕುರ್ಚಿಗಳು ಬಂದವು, ಕುರ್ಚಿಗಳ ಹಿಂದೆ ಮಗ ಬಂದ. ಚರ್ಚು ಎಷ್ಟು ಚಿಕ್ಕದೆಂದರೆ ಬಂದವರಲ್ಲಿ ಅರ್ಧ ಜನ ಹೊರಗೆ ನಿಂತರು, ಕೊನೆಗೆ ಕುರ್ಚಿಗಳೂ ಹೊರಗೇ ಉಳಿದವು. ಮದುವೆ ಮುಗಿದದ್ದೇ ಎಕ್ಸ್‌ರೇಯಮ್ಮ ಕ್ಯಾಮೆರಾ ಚೀಲ ಹೆಗಲಿಗೇರಿಸಿ, ಹೇಳಿ ಹೊರಟುಬಿಡೋಣವೆಂದು ನಿಂತಿದ್ದಾಗ ಮುದುಕಿ ಬಾಗಿಲಲ್ಲಿ ಅಡ್ಡ ಬಂದಳು. ಬೂದು ರೇಷ್ಮೆಯ ಉಡುಪು, ಬಿಚ್ಚಿದ ಸುರುಳಿಗಳು ಕಿವಿಯ ಮೇಲೆ ಕುಣಿಯುತ್ತಿವೆ.

"ಫೋಟೋದವಳು ಎಲ್ಲಿ ಹೊರಟೆ? ನಮ್ಮಿಬ್ಬರದೂ ಒಂದು ತೆಗಿ."

"ಅಜ್ಜಿ, ನಾನು ಜನರ ಫೋಟೋ ತೆಗೆಯೋಳಲ್ಲ. ಬರೀ ಹಳೇ ಕಟ್ಟಡಗಳದು..."

"ಮತ್ತೆ ನಾವೇನು ಹೊಸವಾ? ನಾನು ಈ ಕೊಟ್ಟಿಗೆಗಿಂತ ನಾಲ್ಕು ಮಳೆಗಾಲ ಹೆಚ್ಚು ಕಂಡೋಳು. ನನ್ನ ಮಾಡು ಸೋರಲ್ಲ, ಅಷ್ಟೇ ವ್ಯತ್ಯಾಸ. ತೆಗಿ ತೆಗಿ."

ಹಾಗೆ ಅವಳು ಅಂದು ಮೊದಲ ಸಲ ಕ್ಯಾಮೆರಾದೊಳಗಿಂದ ಎರಡು ಮುಖ ನೋಡಿದಳು. ಜೇನಿನ ಮುದುಕ ಕೂದಲಿಗೆ ನೀರು ಹಚ್ಚಿ ಬಾಚಿಕೊಂಡಿದ್ದ. ಒಂದು ಹುಬ್ಬು ಜೇನುನೊಣ ಕಚ್ಚಿ ಊದಿಕೊಂಡಿತ್ತು. ಅವನು ಹೆಂಡತಿಯ ಕೈಯನ್ನು ಜೇನುಪೆಟ್ಟಿಗೆಯಿಂದ ಜೇನುತಟ್ಟೆ ಎತ್ತುವಷ್ಟು ಹುಷಾರಾಗಿ ಹಿಡಿದಿದ್ದ. ಗಾಬರಿಯಲ್ಲಿ ಎಕ್ಸ್‌ರೇಯಮ್ಮನ ಬಾಯಿಗೆ ಬಂದದ್ದು ಆಸ್ಪತ್ರೆಯ ಮಾತೇ. "ಉಸಿರು ಎಳ್ಕೊಳ್ಳಿ... ಹಿಡ್ಕೊಳ್ಳಿ... ಅಲ್ಲಾಡಬೇಡಿ." ಇಬ್ಬರೂ ವಿಧೇಯರಾಗಿ ಎದೆ ಉಬ್ಬಿಸಿ, ಕೆನ್ನೆ ಉಬ್ಬಿಸಿ, ಕಣ್ಣು ಅಗಲ ಮಾಡಿ ನಿಂತರು. ಅವರ ಹಿಂದೆ ನಿಂತಿದ್ದ ಮಗ, ಸೊಸೆ, ಪಾದ್ರಿ, ನೆಂಟರಿಷ್ಟರು ಎಲ್ಲರೂ ತಮಗೂ ಹೇಳಿದ್ದೆಂದು ಉಸಿರು ಹಿಡಿದರು. ಫೋಟೋ ತೆಗೆದಳು, ಇನ್ನೊಂದು ತೆಗೆದಳು, ಮತ್ತೊಂದು ತೆಗೆದಳು. ಉಸಿರು ಬಿಡಿ ಅನ್ನುವುದೇ ಮರೆತುಹೋಯಿತು. ಜೇನಿನವನ ಮುಖ ಕೆಂಪಾಗಿ, ನೇರಳೆಯಾಗಿ, ಕೊನೆಗೆ ಪಾದ್ರಿಯೇ ಪುಸ್ಸೆಂದು ಬಿಟ್ಟುಬಿಟ್ಟರು. ಅಂಗಳಕ್ಕೆ ಅಂಗಳವೇ ನಕ್ಕಿತು. ಆ ನಗುವಿನಲ್ಲಿ ಒಂದು ಗೊರಗೊರ ನಗು ತನಗೆ ಚೆನ್ನಾಗಿ ಗೊತ್ತಿದ್ದದ್ದು ಅನ್ನಿಸಿ ಅವಳು ತಿರುಗಿದಳು. ಕೊಟ್ಟಿಗೆಯ ಕಂಬಕ್ಕೆ ಒರಗಿ ನಾದಿನಿ ನಗುತ್ತಿದ್ದಳು. ಇವಳು ನೋಡಿದ್ದು ಕಂಡದ್ದೇ ಮುಖ ಆಚೆ ಮಾಡಿದಳು.

ಊಟದ ಗದ್ದಲದಲ್ಲಿ ಮತ್ತೆ ಕಾಣಿಸಲಿಲ್ಲ. ಹುಡುಕಿಕೊಂಡು ಹೊರಗೆ ಬಂದರೆ ಶಿಲುಬೆಯ ಹತ್ತಿರ ನಿಂತು ಹಗ್ಗ ಬಿಚ್ಚುತ್ತಿದ್ದಳು, ಸೊಸೆ ಹೇಳಿದ್ದಳಂತೆ. ತಲೆತಲಾಂತರದಿಂದ ಹಗ್ಗ ಉಜ್ಜಿ ಉಜ್ಜಿ ಕಲ್ಲಿನ ತೋಳಿನಲ್ಲಿ ಒಂದು ನುಣುಪಾದ ಗೀರು ಬಿದ್ದಿತ್ತು. ಎಕ್ಸ್‌ರೇಯಮ್ಮ ಅದರ ಮೇಲೆ ಬೆರಳಾಡಿಸುತ್ತಾ ನಿಂತಳು. ಇನ್ನೆಲ್ಲಿ ನೋಡುವುದೆಂದು ತೋಚಲಿಲ್ಲ.

"ಯಾವಾಗ ಕೇಳಿದ್ದು?" ನಾದಿನಿ ಹಗ್ಗದ ಗಂಟಿಗೇ ಕೇಳಿದಳು.

"ನಾವು ಹೊರಡೋಕೆ ಮುಂಚೆ."

"ಅಂದ್ರೆ ಇಷ್ಟು ದಿನ ಒಂದೇ ಕಾರಲ್ಲಿ ಕೂತು, ಒಂದೇ ರೂಮಲ್ಲಿ ಮಲಗಿ, ನನಗೆ ಕೊಟ್ಟಿಗೆ ತೋರಿಸ್ತಾ ಬಂದ್ರಿ."

"ನಿಮ್ಮಣ್ಣನ..."

"ಅಣ್ಣನ ವಿಷಯ ನಾನೂ ಅಣ್ಣನೂ ಮಾತಾಡ್ಕೋತೀವಿ. ಅದು ಬೇರೆ." ಗಂಟು ಬಿಚ್ಚಿತು. ಅವಳು ಹಗ್ಗವನ್ನು ಮೊಳಕೈಗೆ ಸುತ್ತತೊಡಗಿದಳು. "ಯಾರು? ನಾನು ನೋಡಿದೀನಾ?"

"ಮೆಷಿನ್ ರಿಪೇರಿಯವರು."

"ನೀವೇನಂದ್ರಿ?"

"ನೋಡೋಣ ಅಂದೆ."

"ಅಂದ್ರೆ ಹೂಂ ಅಂತ."

"ಹೂಂ," ಅಂದಳು ಎಕ್ಸ್‌ರೇಯಮ್ಮ. ಅಂದ ಮೇಲೆ ತನ್ನದೇ ಧ್ವನಿಗೆ ಬೆಚ್ಚಿದಳು. ಇಷ್ಟು ದಿನ ತನಗೇ ಹೇಳಿಕೊಳ್ಳದ ಹೂಂ ಅದು.

ನಾದಿನಿ ಹಗ್ಗ ಸುತ್ತಿ ಮುಗಿಸಿದಳು. ಸುತ್ತಿದ್ದನ್ನು ಬಿಚ್ಚಿ ಮತ್ತೆ ಸುತ್ತಿದಳು. "ನನಗೆ ಸಿಟ್ಟು ಬಂದಿರೋದು ಮದುವೆಗಲ್ಲ ಅತ್ತಿಗೆ. ಆಗಿ, ಚೆನ್ನಾಗಿರಿ. ಆದ್ರೆ ಅಣ್ಣನಿಂದ ತಾನೇ ನೀವು ನನಗೆ ಅತ್ತಿಗೆ? ಆಮೇಲೆ ನಾನು ನಿಮಗೇನಾಗ್ತೀನಿ? ದಾರೀಲಿ ಸಿಕ್ರೆ ಅವರಿಗೆ ಏನಂತ ಪರಿಚಯ ಮಾಡಿಸ್ತೀರಿ? ಹಳೇ ನಾದಿನಿ ಅಂತಾನಾ?" ನಲವತ್ತು ದಾಟಿದ ಹೆಂಗಸಿನ ಮುಖದಲ್ಲಿ ಎರಡು ಜಡೆಯ ಹುಡುಗಿ ಸುಳಿದು ಹೋದಳು.

ಎಕ್ಸ್‌ರೇಯಮ್ಮ ಎಲ್ಲವನ್ನೂ ಯೋಚಿಸಿದ್ದಳು. ಜನ ಏನನ್ನುತ್ತಾರೆ, ಗೋಡೆಯ ಮೇಲಿನ ಗಂಡನ ಫೋಟೋ ಏನು ಮಾಡುವುದು, ಬೂಟುಗಳನ್ನು ಎಲ್ಲಿ ಇಡುವುದು. ಇದನ್ನು ಮಾತ್ರ ಯೋಚಿಸಿರಲಿಲ್ಲ. ಇವಳು ಹೆದರಿದ್ದು ಆ ಕಿವಿಗೆ, ಕಿವಿಯವಳು ಹೆದರುತ್ತಿದ್ದದ್ದು ಇವಳು ಕೈಬಿಟ್ಟು ಹೋದಾಳೆಂದು. ಡಾಕ್ಟರ್ ಹೇಳ್ತಾರೆ ಅನ್ನುವುದು ನಾಲಿಗೆಯ ತುದಿಯವರೆಗೆ ಬಂದು, ನಾಚಿಕೊಂಡು ಹಿಂದಕ್ಕೆ ಹೋಯಿತು. "ಗೊತ್ತಿಲ್ಲ ಕಣೇ," ಅಂದಳು. "ಅದಕ್ಕೊಂದು ಹೆಸರಿದೆಯೋ ಇಲ್ವೋ. ನೀನು ಬರಲ್ಲ ಅಂದ್ರೆ ನಾನು ಯಾವ ದಾರೀಗೂ ಹೋಗೋಳಲ್ಲ, ಅಷ್ಟು ಮಾತ್ರ ಗೊತ್ತು. ಏನಾಗಬೇಕು ಅಂತ ನೀನೇ ಹೇಳು."

ನಾದಿನಿ ಮೂಗು ಸೀಟಿದಳು. "ಅವರಿಗೆ ಕಾರು ಓಡಿಸೋಕೆ ಬರುತ್ತಾ?"

"ಇಲ್ಲ. ಸ್ಕೂಟರ್ರು. ಅದೂ ತಳ್ಕೊಂಡು ಬರೋದೇ ಹೆಚ್ಚು."

"ರಿಪೇರಿಯವರು ಅಂದ್ರಿ!"

"ಬೇರೆಯವರ ಮೆಷಿನ್ನು ಮಾತ್ರ."

ಇಬ್ಬರೂ ಒಟ್ಟಿಗೇ ನಕ್ಕರು. ಒಳಗಿನಿಂದ ಸೊಸೆ, ಕೇಕು ಖಾಲಿಯಾಗ್ತಿದೆ ಬನ್ನಿ ಅಂತ ಕೂಗಿದಳು. ಹೋಗಿ ತಿಂದರು. ಮಗ ಬಣ್ಣ ಹೊಡೆದ ಕುರ್ಚಿಯನ್ನು ತಾನೇ ಹೊತ್ತು ತಂದು ಜೇನಿನವನ ಹಿಂದೆ ಇಟ್ಟ. ಜೇನಿನವನು ಅದರ ತುದಿಯಲ್ಲಿ, ಇನ್ನೂ ಹಸಿಯಿರಬಹುದೆಂಬಂತೆ, ಮೆಲ್ಲಗೆ ಕೂತ. ಎಕ್ಸ್‌ರೇಯಮ್ಮ ಅದನ್ನೂ ತೆಗೆದಳು. ನಾದಿನಿ ಪಾದ್ರಿಗೆ ಸೈಕಲ್ಲಿನ ಬ್ರೇಕು ಸರಿಯಿಲ್ಲ ಅಂತ ಉಪದೇಶ ಮಾಡಿದಳು.

ಬಿಸಿಲು ಇಳಿಯುತ್ತಿದ್ದಂತೆ ಹೊರಟರು. ಸೊಸೆ ಬಾಗಿಲವರೆಗೆ ಬಂದು ಎಕ್ಸ್‌ರೇಯಮ್ಮನ ಕಿವಿಯಲ್ಲಿ, "ನಿಮ್ಮ ಮದುವೆಗೆ ಬಟ್ಟೆ ಬೇಕಾದ್ರೆ ಹೇಳಿ, ತೊಳೆದುಕೊಡ್ತೀನಿ," ಅಂದು ಕಣ್ಣು ಹೊಡೆದಳು. ಮುದುಕಿ ಬೇಲಿಯ ಹತ್ತಿರದಿಂದ ಕೈ ಬೀಸಿದಳು. ಅಭ್ಯಾಸಬಲ, ಅವಳೂ ಜೇನಿನವನೂ ಅಲ್ಲೇ ನಿಂತು ಮಾತಾಡುತ್ತಿದ್ದರು. ನಾದಿನಿ ಸೀಟು ಮುಂದೆ ಸರಿಸಿಕೊಂಡಳು, ಕನ್ನಡಿ ಸರಿಮಾಡಿಕೊಂಡಳು, ಕೀಲಿ ತಿರುಗಿಸಿ, ದಾರಿಯನ್ನೇ ನೋಡುತ್ತಾ, ಏನೂ ವಿಶೇಷವಿಲ್ಲವೆಂಬ ಹಾಗೆ ಅಂದಳು.

"ಅಕ್ಕಾ, ಬಾಗಿಲು ಸರಿಯಾಗಿ ಹಾಕ್ಕೋ."

ಬಾಗಿಲು ಸರಿಯಾಗಿಯೇ ಹಾಕಿತ್ತು. ಎಕ್ಸ್‌ರೇಯಮ್ಮ ಅದನ್ನು ತೆಗೆದು, ಇನ್ನೊಮ್ಮೆ ಗಟ್ಟಿಯಾಗಿ ಹಾಕಿಕೊಂಡಳು.